ಡಬ್ಬಿಯೊಳಗಿನ ದವಡೆಗಳು

ಕಳೆದ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಮಗಳು ಒಂದು ತಗಡಿನ ಬಿಸ್ಕೆಟ್ ಡಬ್ಬಿ ಹಿಡಿದುಕೊಂಡು ಬಂದಳು. ಮನೆ ಮಾರಾಟಕ್ಕಿದೆ, ಅಪ್ಪನ ಶೆಡ್ ಖಾಲಿ ಮಾಡುತ್ತಿದ್ದಾಳೆ. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಡಬ್ಬಿಯಿಟ್ಟು ಮುಚ್ಚಳ ತೆಗೆದಳು. ಒಳಗಿನಿಂದ ವಾಸನೆ ಎದ್ದಿತು. ಬೇಯಿಸಿದ ಎಲುಬು, ಸೋಡಾ ಪುಡಿ, ಹಳೆಯ ರದ್ದಿ ಕಾಗದ... ಹದಿನಾರು ವರ್ಷವಾದರೂ ನನ್ನ ಮೂಗು ಮರೆತಿರಲಿಲ್ಲ. ಇವಳ ಅಪ್ಪನ ಮೇಲೆ ನಾನು ಯುದ್ಧ ಹೂಡಿದ್ದೇ ಈ ವಾಸನೆಯಿಂದ.

ಡಬ್ಬಿಯ ತುಂಬ ಜಿಂಕೆಯ ದವಡೆಗಳು. ಒಂದೊಂದಕ್ಕೂ ದಾರ ಕಟ್ಟಿ, ದಾರಕ್ಕೊಂದು ರಟ್ಟಿನ ಚೀಟಿ. ಚೀಟಿಯ ಮೇಲೆ ಕನ್ನಡ.

“ಆಂಟಿ, ಆಫೀಸಿಗೆ ಡ್ಯಾಡ್ ಇಂಗ್ಲಿಷಲ್ಲಿ ಬರೆದುಕೊಡ್ತಿದ್ರು. ಇದು ಅವರದ್ದೇ ಕಾಪಿ. ಐ ಕಾಂಟ್ ರೀಡ್ ಇಟ್. ನೀವು ಓದಿ ಹೇಳ್ತೀರಾ?” ಎಂದಳು.

ಓದುತ್ತೇನೆ, ಚಹಾ ಮಾಡಿಕೊಂಡು ಬರುತ್ತೇನೆ ತಡಿ ಎಂದು ಎದ್ದೆ. ಒಲೆಯ ಮುಂದೆ ನಿಂತವಳಿಗೆ ಹಾಲು ಉಕ್ಕಿದ್ದೇ ತಿಳಿಯಲಿಲ್ಲ. ಈ ಹುಡುಗಿಗೆ ಕನ್ನಡ ಓದಲು ಬರದಿರುವುದು ಯಾರ ಕೃಪೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಲಂಡನ್ನಿನ ಹ್ಯಾರೋದ ಈ ಮನೆಗೆ ನಾವು ಬಂದಾಗ ಪಕ್ಕದಲ್ಲಿ ಕನ್ನಡದವರಿದ್ದಾರೆ ಎಂದು ಕುಣಿದಾಡಿದ್ದೆ. ಎರಡೂ ಮನೆಗೆ ನಡುವೆ ಒಂದೇ ಗೋಡೆ, ಹಿಂದೆ ಒಂದೇ ಮರದ ಬೇಲಿ. ನಾವು ಧಾರವಾಡದವರು, ನನ್ನ ಯಜಮಾನರು ಅಕ್ಸ್‌ಬ್ರಿಡ್ಜ್ ಕಡೆಯ ಆಸ್ಪತ್ರೆಯಲ್ಲಿ ಡಾಕ್ಟರು. ಪಕ್ಕದವರು ಬೆಳ್ತಂಗಡಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಹೆಂಡತಿ ನರ್ಸು, ಒಬ್ಬಳೇ ಮಗಳು. ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ಕುಸ್ವಾರ್ ತಿಂಡಿಯ ತಟ್ಟೆ ಬರುತ್ತಿತ್ತು, ದೀಪಾವಳಿಗೆ ನಮ್ಮ ಮನೆಯಿಂದ ಕರ್ಜಿಕಾಯಿ ಹೋಗುತ್ತಿತ್ತು. ನಾನು ಶನಿವಾರ ಮಧ್ಯಾಹ್ನ ಕಮ್ಯುನಿಟಿ ಹಾಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಮಗಳನ್ನು ಅವಳ ಅಪ್ಪ ಮೊದಲ ದಿನವೇ ತಂದು ಬಿಟ್ಟರು. “ನಾನು ಕನ್ನಡ ಮೀಡಿಯಂ ಮಾರಾಯ್ರೆ. ಇವಳಿಗೆ ನಾನು ಬರೆದದ್ದು ಓದ್ಲಿಕ್ಕೆ ಬಂದ್ರೆ ಸಾಕು,” ಎಂದಿದ್ದರು. ಅಂದಿನಿಂದ ನನ್ನನ್ನು ‘ಟೀಚರ್’ ಎಂದೇ ಕರೆದರು. ಕೊನೆಯವರೆಗೂ ಹಾಗೇ ಕರೆದರು...

ಏನು ಕೆಲಸ ಎಂದು ಕೇಳಿದರೆ “ಕಾಡಿನ ಕೆಲಸ” ಎನ್ನುತ್ತಿದ್ದರು. ಲಂಡನ್ನಿನ ಅಂಚಿನಲ್ಲಿ, ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ದೂರದಲ್ಲಿ ಒಂದು ಹಳೆಯ ಕಾಡಿದೆ. ಏಪ್ರಿಲ್ ಕೊನೆಗೆ ನೆಲದ ತುಂಬ ನೀಲಿ ಬ್ಲೂಬೆಲ್ ಹೂವು. ಅಲ್ಲಿ ಗಿಡ ನೆಡುತ್ತಾರೆ, ಒಣಮರ ಕಡಿಯುತ್ತಾರೆ ಎಂದುಕೊಂಡಿದ್ದೆ. ಅದನ್ನೂ ಮಾಡುತ್ತಿದ್ದರು. ಚಳಿಗಾಲದಲ್ಲಿ ಇನ್ನೊಂದು ಕೆಲಸವಿತ್ತು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಬೇಲಿಯಾಚೆಯ ಶೆಡ್ಡಿನಿಂದ ಶನಿವಾರ ಹನ್ನೊಂದು ಗಂಟೆಗೆ ವಾಸನೆ ಶುರುವಾಗುತ್ತಿತ್ತು. ನಮ್ಮದು ಬೆಳ್ಳುಳ್ಳಿಯನ್ನೂ ವಾರದ ದಿನ ನೋಡಿ ಹಾಕುವ ಮನೆ. ಮೂರು ಶನಿವಾರ ಸಹಿಸಿಕೊಂಡೆ. ನಾಲ್ಕನೆಯ ಶನಿವಾರ ಬೇಲಿಯ ಮೇಲೆ ಕತ್ತು ಹಾಕಿದೆ.

“ಏನ್ರೀ, ಏನ್ ಕುದಸ್ಲಿಕ್ಕತ್ತೀರಿ?”

“ದವಡೆ, ಟೀಚರ್.”

“ಯಾರ ದವಡೀನ್ರೀ?”

“ಜಿಂಕೆದ್ದು,” ಎಂದು ಇಕ್ಕಳದಲ್ಲಿ ಒಂದನ್ನು ಎತ್ತಿ ತೋರಿಸಿದರು. ಹಲ್ಲುಗಳೆಲ್ಲ ಹಾಗೇ ಇದ್ದವು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಅಂದು ಎಲ್ಲ ಹೊರಗೆ ಬಿತ್ತು. ನವೆಂಬರಿನಿಂದ ಮಾರ್ಚ್‌ವರೆಗೆ ಇಷ್ಟು ಹೆಣ್ಣು ಜಿಂಕೆ ಎಂದು ಕಾಡಿನ ಆಫೀಸಿನವರು ಗೊತ್ತು ಮಾಡುತ್ತಾರೆ, ಇವರು ಹೋಗಿ ಹೊಡೆಯುತ್ತಾರೆ. ಹೊಡೆದ ಮೇಲೆ ಹೊಟ್ಟೆ ಸೀಳಿ ರೋಗ ಇದೆಯೋ ನೋಡಬೇಕು, ಏನು ತಿಂದಿತ್ತು ನೋಡಬೇಕು, ದವಡೆ ಬೇಯಿಸಿ ಹಲ್ಲಿನ ಸವೆತದಿಂದ ವಯಸ್ಸು ಬರೆದಿಡಬೇಕು. ಮಾಂಸ ಪರವಾನಗಿ ಇದ್ದ ವ್ಯಾಪಾರಿಗೆ ಹೋಗುತ್ತದಂತೆ. ಎಷ್ಟು ವಯಸ್ಸಿನವು ಸೊರಗಿವೆ ಎಂದು ದವಡೆ ಹೇಳುತ್ತದಂತೆ, ಮುಂದಿನ ವರ್ಷ ಎಷ್ಟು ಬಿಡಬೇಕು ಎಂದು ಅದರಿಂದ ತಿಳಿಯುತ್ತದಂತೆ. “ಇಲ್ಲಿ ಹುಲಿ ಇಲ್ಲ ಟೀಚರ್, ತೋಳವೂ ಇಲ್ಲ. ಜಿಂಕೆ ಹೆಚ್ಚಾದ್ರೆ ಸಸಿ ಒಂದೂ ಉಳಿಯುದಿಲ್ಲ. ಪೊದೆ ಹೋದ್ರೆ ಹಕ್ಕಿ ಹೋಯ್ತು. ಕಡೆಗೆ ಜಿಂಕೆಗೇ ತಿನ್ಲಿಕ್ಕೆ ಇಲ್ಲ. ಹುಲಿಯ ಕೆಲಸ ಯಾರಾದ್ರೂ ಮಾಡ್ಬೇಕಲ್ಲ?”

“ಹುಲಿ ಹೊಟ್ಟಿಗೆ ಕೊಲ್ಲತದ್ರೀ. ನೀವು ಪಗಾರಕ್ಕ ಕೊಲ್ಲತೀರಿ,” ಎಂದೆ.

“ಅದೂ ಹೌದು,” ಎಂದು ನಕ್ಕುಬಿಟ್ಟರು. ಆ ನಗು ನನ್ನ ಮೈಯೆಲ್ಲ ಉರಿಸಿತು.

ಹಲ್ಲು ನೋಡಲು ಎಲುಬು ಕುದಿಸುತ್ತಾರಂತೆ! ಯಾರ ಕಿವಿಗೆ ಹೂವಿಡುತ್ತಾರೆ ಇವರು, ಒಳಗೆ ಸಾರು ಕಾಯುತ್ತಿದೆ, ತಲೆ ತಂದು ಮನೆಯಲ್ಲಿ ಹಬ್ಬ ಮಾಡುತ್ತಿದ್ದಾರೆ ಎಂದೇ ನಾನು ತೀರ್ಮಾನಿಸಿದೆ. ಮಾಂಸದ ಅಡುಗೆಗೂ ಬರಿಯ ಎಲುಬು ಕುದಿಯುವುದಕ್ಕೂ ಇರುವ ವ್ಯತ್ಯಾಸ ನನ್ನ ಮೂಗಿಗೆ ಎಲ್ಲಿ ತಿಳಿಯಬೇಕು? ಹುಟ್ಟಿದಾಗಿನಿಂದ ಎರಡೂ ಒಂದೇ ಎಂದು ಮುಚ್ಚಿಕೊಂಡ ಮೂಗು ಅದು.

ಇನ್ನೊಂದು ಕಾರಣವೂ ಇತ್ತು. ಯಜಮಾನರ ಆಸ್ಪತ್ರೆಯ ಒಬ್ಬ ದೊಡ್ಡ ಡಾಕ್ಟರು ನಮ್ಮನ್ನು ಊಟಕ್ಕೆ ಕರೆದಿದ್ದರು. ಹಜಾರದ ಗೋಡೆ ತುಂಬ ಕೊಂಬುಗಳು. ಆಫ್ರಿಕಾಕ್ಕೆ ಹೋಗಿ, ಅಲ್ಲಿನ ಸರಕಾರಕ್ಕೆ ದುಡ್ಡು ಸುರಿದು, ಒಳ್ಳೊಳ್ಳೆಯ ಗಂಡುಗಳನ್ನೇ ಆರಿಸಿ ಹೊಡೆದು ತಂದದ್ದು. ಆ ದುಡ್ಡಿನಿಂದಲೇ ಕಾಡು ಉಳಿಯುತ್ತದೆ ಎಂದು ಗ್ಲಾಸು ಎತ್ತಿ ಉಪದೇಶ ಮಾಡಿದ್ದರು. ಗೋಡೆಯ ಮೇಲಿನ ಗಾಜಿನ ಕಣ್ಣು ನೋಡುತ್ತ ನಾನು ಅನ್ನ ನುಂಗಲಾರದೆ ಕೂತಿದ್ದೆ. ಪಕ್ಕದ ಮನೆಯವರೂ ಅದೇ ಮಾತು ಆಡಿದಾಗ ಇಬ್ಬರನ್ನೂ ಒಂದೇ ಗೂಟಕ್ಕೆ ಕಟ್ಟಿದೆ. ಒಬ್ಬ ಹಣ ಕೊಟ್ಟು ಕೊಲ್ಲುತ್ತಾನೆ, ಒಬ್ಬ ಹಣ ತೊಗೊಂಡು ಕೊಲ್ಲುತ್ತಾನೆ. ಜಿಂಕೆಗೆ ಏನು ವ್ಯತ್ಯಾಸ? ಈ ಪ್ರಶ್ನೆಯನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಆದರೆ ಜಗಳ ದೊಡ್ಡವರ ನಡುವೆಯೇ ಇರಬೇಕಿತ್ತು. ಮುಂದಿನ ವಾರ ತರಗತಿಯಲ್ಲಿ ‘ಜ’ದ ಕಾಗುಣಿತಕ್ಕೆ ಬಂದಿದ್ದೆವು. ಜಿಂಕೆಯ ಚಿತ್ರ ಹಿಡಿದೆ. ಅವರ ಮಗಳು, ಆಗ ಹತ್ತು ವರ್ಷದವಳು, ಕೈ ಎತ್ತಿ “ಮೈ ಡ್ಯಾಡ್ ವರ್ಕ್ಸ್ ವಿತ್ ಜಿಂಕೆ!” ಎಂದಳು. ಎಷ್ಟು ಹೆಮ್ಮೆ ಅವಳ ಮುಖದಲ್ಲಿ.

“ಅದು ಕೆಲಸ ಅಲ್ಲವ್ವಾ, ಕೊಲೆ,” ಎಂದೆ.

ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಹಿಂದಿನಿಂದ ಒಂದು ಮಗು “ಮರ್ಡರರ್” ಎಂದಿತು, ಉಳಿದವು ಕಿಸಕ್ಕೆಂದವು. ನಾನು ಸುಮ್ಮನಿರಿ ಎನ್ನಲಿಲ್ಲ. ಮರು ಶನಿವಾರ ಅವಳ ಕುರ್ಚಿ ಖಾಲಿ ಇತ್ತು. ಆಮೇಲೆ ಅವಳು ಬರಲೇ ಇಲ್ಲ. ಅವಳ ಕನ್ನಡ ‘ಜಿ’ಯಲ್ಲಿ ನಿಂತುಹೋಯಿತು. ಅವಳ ಅಪ್ಪ ಬಂದು ಜಗಳ ಆಡುತ್ತಾರೆ ಎಂದು ಸೆರಗು ಬಿಗಿದು ಕಾದೆ. ಬರಲಿಲ್ಲ. ಕ್ರಿಸ್‌ಮಸ್ಸಿನ ತಟ್ಟೆ ಮಾತ್ರ ನಿಂತಿತು.

ನಾನು ನಿಲ್ಲಿಸಲಿಲ್ಲ. ಬೀದಿಯ ಹೆಂಗಸರನ್ನೆಲ್ಲ ಕೂಡಿಸಿದೆ, ಗುಂಪು ಕಟ್ಟಿದೆ, ಟ್ಯೂಬ್ ಸ್ಟೇಶನ್ನಿನ ಬಾಗಿಲಲ್ಲಿ ಚಳಿಯಲ್ಲಿ ನಿಂತು ಸಹಿ ತೊಗೊಂಡೆ. ಜಿಂಕೆಮರಿಯ ಫೋಟೊ ನೋಡಿದವರು ಯಾರು ಬೇಡ ಅಂತಾರೆ? ಜೊತೆಗೆ ಪೊಲೀಸರಿಗೆ ಒಂದು ದೂರು ಬರೆದೆ, ಹೆಸರು ಗುಟ್ಟಾಗಿಡಿ ಎಂದು ಕೋರಿ. ವಾಸನೆ ಬರೆದೆ, ಶನಿವಾರ ಹನ್ನೊಂದು ಗಂಟೆ ಎಂದೂ ಬರೆದೆ. ಕದ್ದ ಮಾಂಸ ಬೇಯಿಸುತ್ತಿರಬಹುದು ಎಂದು ಬರೆದೆ. ಕೊನೆಗೆ ಒಂದು ಸಾಲು: ಈ ಮನುಷ್ಯ ಮಕ್ಕಳ ಎದುರಿಗೆ ಬಂದೂಕು ಹೊರತೆಗೆದು ಹಿಡಿಯುತ್ತಾನೆ, ನಮಗೆ ಭಯವಾಗುತ್ತಿದೆ.

ಸುಳ್ಳು. ಅವರ ಬಂದೂಕನ್ನು ನಾನು ನೋಡಿದ್ದು ಒಂದೇ ಸಲ. ಉದ್ದನೆಯ ಚೀಲದೊಳಗೆ ಇತ್ತು, ಜಿಪ್ಪು ಹಾಕಿತ್ತು, ಕಾರಿನಿಂದ ಮನೆಗೆ ಒಯ್ಯುತ್ತಿದ್ದರು. ಚೀಲದಿಂದ ಅದನ್ನು ಹೊರಗೆ ತೆಗೆದವಳು ನಾನು, ಕಾಗದದ ಮೇಲೆ.

ಇಬ್ಬರು ಪೊಲೀಸರು ಬಂದರು. ನಾನು ಮೇಲಿನ ಕೋಣೆಯ ಪರದೆಯ ಹಿಂದಿನಿಂದ ನೋಡಿದೆ. ಬಂದೂಕು ಒಯ್ದರು, ಲೈಸೆನ್ಸ್ ಒಯ್ದರು, ವಿಚಾರಣೆ ಮುಗಿಯುವ ತನಕ ಎಂದರು. ಇತ್ತ ಸಹಿಗಳ ಗಲಾಟೆಗೆ ಕಾಡಿನವರೂ ಬೇಸತ್ತು ಬೇಟೆ ನಿಲ್ಲಿಸಿದರು. ಗೆದ್ದೆವು! ಊರಿಂದ ತರಿಸಿದ ಧಾರವಾಡ ಪೇಡೆ ಹಂಚಿದೆ. ಆ ಗುಂಪಿನ ಮಹಾತಾಯಂದಿರು ಪೇಡೆ ತಿಂದು ಹೋದವರು ಮತ್ತೆ ಆ ಕಾಡಿನ ಕಡೆ ತಲೆ ಹಾಕಲಿಲ್ಲ. ಪಕ್ಕದ ಮನೆಯವರು ಮಾತ್ರ ಹೋಗುತ್ತಿದ್ದರು. ಕೆಲಸ ಹೋಗಿ ಪಾರ್ಸೆಲ್ ವ್ಯಾನ್ ಓಡಿಸುತ್ತಿದ್ದರೂ, ರಜೆಯ ದಿನ ಒಂದು ನೋಟ್‌ಬುಕ್ ಜೇಬಿನಲ್ಲಿಟ್ಟು ಬಸ್ಸು ಹಿಡಿಯುತ್ತಿದ್ದರು. ನೋಡಿ ನಾನು ಮೂಗು ಮುರಿಯುತ್ತಿದ್ದೆ.

ಎರಡು ಚಳಿಗಾಲ ಕಳೆದವು. ಎರಡನೆಯ ಏಪ್ರಿಲ್‌ನಲ್ಲಿ ಬ್ಲೂಬೆಲ್ ನೋಡಲು ಊರಿನಿಂದ ಬಂದ ತಂಗಿಯನ್ನು ಕರೆದುಕೊಂಡು ಹೋದೆ. ಹೂವು ಅಲ್ಲೊಂದು ಇಲ್ಲೊಂದು. ಪೊದೆಗಳೆಲ್ಲ ಜಿಂಕೆಯ ಕತ್ತು ನಿಲುಕುವ ಎತ್ತರದವರೆಗೆ ಬೋಳು, ಕತ್ತರಿ ಹಿಡಿದು ಕತ್ತರಿಸಿದ ಹಾಗೆ. ಎಳೆಯ ಮರಗಳ ತೊಗಟೆ ಸುಲಿದಿತ್ತು. ತಂಗಿ “ಇದನ್ನ ತೋರಸ್ಲಿಕ್ಕೆ ಇಷ್ಟ ದೂರ ಕರಕೊಂಡ್ ಬಂದೀಯೇನ?” ಎಂದಳು. ಈ ವರ್ಷ ಮಳೆ ಸರಿಯಿಲ್ಲ ಎಂದೆ. ಕಾರಣ ನನಗೆ ಕಂಡಿತ್ತು. ಕಂಡದ್ದನ್ನು ಒಪ್ಪಿದರೆ ಆ ಮನುಷ್ಯನಿಗೆ ಒಂದು ಅಂಕ ಕೊಟ್ಟ ಹಾಗೆ, ಅದಕ್ಕೇ ಒಪ್ಪಲಿಲ್ಲ.

ಮುಂದಿನ ಜನವರಿಯಲ್ಲಿ ಒಂದು ದಿನ ಸಂಜೆ ನಾಲ್ಕಕ್ಕೆ, ಆಸ್ಪತ್ರೆಯಿಂದ ಯಜಮಾನರನ್ನು ಕರೆದುಕೊಂಡು ನಾನೇ ಕಾರು ಓಡಿಸುತ್ತ ಬರುತ್ತಿದ್ದೆ. ಆ ಕಾಡಿನ ಪಕ್ಕದ ರಸ್ತೆ. ಬೆಳಕು ಆಗಲೇ ಇಳಿದಿತ್ತು. ಕಾಡಿನಲ್ಲಿ ತಿನ್ನಲು ಇಲ್ಲದೆ ಜಿಂಕೆಗಳು ಎದುರಿನ ಮನೆಗಳ ತೋಟಕ್ಕೆ ದಾಟುತ್ತಿದ್ದವು. ಬ್ರೇಕ್ ಒತ್ತಿದೆ. ಸಾಕಾಗಲಿಲ್ಲ.

ಹೆಣ್ಣು ಜಿಂಕೆ. ಹಿಂದಿನ ಎರಡೂ ಕಾಲು ಮುರಿದು ರಸ್ತೆಯಂಚಿನ ಹುಲ್ಲಿನ ಮೇಲೆ ಬಿದ್ದಿತ್ತು. ಮುಂಗಾಲಿನಿಂದ ಏಳಲು ನೋಡುತ್ತಿತ್ತು, ಬೀಳುತ್ತಿತ್ತು. ಅದರ ಕೂಗು... ಆ ಕೂಗನ್ನು ಬರೆಯಲು ನನ್ನಿಂದಾಗದು. ಯಜಮಾನರು ಪೊಲೀಸರಿಗೆ ಫೋನ್ ಮಾಡಿದರು. ಪರವಾನಗಿ ಇರುವವರನ್ನು ಕಳಿಸುತ್ತೇವೆ, ದೂರದಿಂದ ಬರಬೇಕು, ಕಾಯಿರಿ ಎಂದರು. ಮನುಷ್ಯರಿಗೆ ಡಾಕ್ಟರಾದ ನನ್ನ ಗಂಡ ಕೈ ಹಿಸುಕಿಕೊಂಡು ನಿಂತಿದ್ದರು. “ಬಾಜೂ ಮನಿಯವರಿಗೆ ಫೋನ್ ಮಾಡು,” ಎಂದರು.

ನಾನು ಮಾಡಿದೆ. ಮೂರು ವರ್ಷ ಮಾತು ಬಿಟ್ಟಿದ್ದವಳು. “ಎಲ್ಲಿ ಉಂಟು?” ಎಂದಷ್ಟೇ ಕೇಳಿದರು. ಅರ್ಧ ಗಂಟೆಯಲ್ಲಿ ಪಾರ್ಸೆಲ್ ವ್ಯಾನ್ ಬಂದು ನಿಂತಿತು.

ಹತ್ತಿರ ಹೋಗದೆ ದೂರದಿಂದಲೇ ಕೂತು, ನೆಲದ ಮೇಲೆ ಸರಿಯುತ್ತ ಸರಿಯುತ್ತ ಹೋದರು. ತಮ್ಮ ಕೋಟು ಬಿಚ್ಚಿ ಅದರ ಮುಖದ ಮೇಲೆ, ಕಣ್ಣು ಮುಚ್ಚುವ ಹಾಗೆ ಹಾಕಿದರು. ಕತ್ತಿನ ಮೇಲೆ ಕೈಯಿಟ್ಟರು. ಕೂಗು ನಿಂತಿತು. ಉಸಿರು ಮಾತ್ರ ಕೋಟಿನ ಕೆಳಗೆ ಏರುತ್ತ ಇಳಿಯುತ್ತ ಇತ್ತು. ಪಕ್ಕೆಲುಬು ಎಣಿಸಬಹುದಿತ್ತು, ಅಷ್ಟು ಸೊರಗಿತ್ತು.

“ಏನಾರ ಮಾಡ್ರೀ. ಅದರ ಸಂಕಟ ನೋಡ್ಲಿಕ್ಕಾಗವಲ್ತು,” ಎಂದೆ.

“ಬಂದೂಕು ಇಲ್ಲ ಟೀಚರ್.”

“ಚಾಕು ಗೀಕು ಇಲ್ಲೇನ್ರೀ?”

ಅವರು ತಲೆ ಎತ್ತದೆಯೇ ಹೇಳಿದರು. “ನನ್ನ ಮೇಲೆ ವಿಚಾರಣೆ ಉಂಟಲ್ಲ, ಇನ್ನೂ ಮುಗಿಲಿಲ್ಲ. ಚಾಕು ಹಿಡ್ಕೊಂಡು ರಸ್ತೆಯಲ್ಲಿ ಕೂತ್ರೆ ಈ ಸಲ ಹೊರಗೆ ಬರ್ಲಿಕ್ಕಿಲ್ಲ ನಾನು. ಮೆಲ್ಲ ಮಾತಾಡಿ. ನಿಮ್ಮ ಸ್ವರ ಕೇಳಿದ್ರೆ ಹೆದರ್ತದೆ ಅದು.”

ಒಂದೂವರೆ ಗಂಟೆ. ಆ ಚಳಿಯಲ್ಲಿ ಬರೀ ಅಂಗಿಯಲ್ಲಿ ಆ ಮನುಷ್ಯ ಹಾಗೇ ಕೂತಿದ್ದರು, ಮೈ ನಡುಗುತ್ತಿತ್ತು, ಕೈ ಮಾತ್ರ ಎತ್ತಲಿಲ್ಲ. ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದರು ಅದಕ್ಕೆ, ಮಗುವಿಗೆ ಹೇಳುವ ಹಾಗೆ. ಅವರ ಬಂದೂಕು ಅವರ ಕಪಾಟಿನಲ್ಲಿ ಇದ್ದಿದ್ದರೆ ಅದು ಅವರು ಬಂದ ನಿಮಿಷಕ್ಕೇ ಮುಗಿಯುವ ಸಂಕಟ. ಅದನ್ನು ಒಂದೂವರೆ ಗಂಟೆ ಮಾಡಿದ್ದು ನನ್ನ ಒಂದು ಸಾಲು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಆ ಮೂಕಪ್ರಾಣಿ ಉಂಡಿತು.

ಕೊನೆಗೆ ಪರವಾನಗಿಯವನು ಬಂದ. ನಾನು ಕಾರಿನಲ್ಲಿ ಕೂತು ಕಿವಿ ಮುಚ್ಚಿಕೊಂಡೆ. ಆಮೇಲೆ ಕಿಟಕಿಯಿಂದ ನೋಡಿದಾಗ ಟಾರ್ಚಿನ ಬೆಳಕಿನಲ್ಲಿ ಇಬ್ಬರೂ ಬಾಗಿ ಏನೋ ನೋಡುತ್ತಿದ್ದರು. ಹೋಗುವಾಗ ಪಕ್ಕದ ಮನೆಯವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಮುಂದಿನ ಶನಿವಾರ ಹನ್ನೊಂದು ಗಂಟೆಗೆ, ಮೂರು ವರ್ಷದ ಮೇಲೆ, ಬೇಲಿಯಾಚೆಯಿಂದ ವಾಸನೆ ಬಂತು. ನಾನು ಕಿಟಕಿ ಮುಚ್ಚಲಿಲ್ಲ.

ಕ್ಷಮೆ ಕೇಳಿದೆನೇ? ಇಲ್ಲ. ದೊಡ್ಡ ಬಾಯಿಯವರಿಗೆ ಆ ಒಂದು ಮಾತು ಬರುವುದಿಲ್ಲ. ವಿಚಾರಣೆಯಲ್ಲಿ ಏನೂ ತಪ್ಪು ಸಿಗದೆ ಲೈಸೆನ್ಸ್ ವಾಪಸು ಬಂತು. ಆದರೆ ಅವರು ಮತ್ತೆ ಬಂದೂಕು ಹಿಡಿಯಲಿಲ್ಲ. ಕಾಡಿನವರು ಬೇರೆ ಯಾರನ್ನೋ ಇಟ್ಟುಕೊಂಡು ಬೇಟೆ ಶುರು ಮಾಡಿದರು, ವರ್ಷಗಳ ಮೇಲೆ ಪೊದೆ ಚಿಗುರಿತು. ನಾವು ಬೇಲಿಯ ಎರಡು ಬದಿಯಲ್ಲಿ ಮಳೆ, ಚಳಿ, ಕಸದ ಗಾಡಿ ಬರುವ ದಿನ ಎಂದು ಮಾತಾಡಿಕೊಂಡು ಮುದುಕರಾದೆವು. ಕೇಳೋಣ, ನಾಳೆ ಕೇಳೋಣ... ಹೋದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ಬಂದೆ.

ಚಹಾ ತಂದಿಟ್ಟು ಚೀಟಿ ಓದತೊಡಗಿದೆ. “ಹೆಣ್ಣು. ಐದು ವರ್ಷ. ಹೊಟ್ಟೆ ತುಂಬ ಉಂಟು. ರೋಗ ಇಲ್ಲ. ಹೊಡೆದವರು: ನಾನು.” ಪ್ರತಿ ಚೀಟಿಯಲ್ಲೂ ಕೊನೆಗೆ ಆ ಎರಡು ಪದ ಇದ್ದವು. ಹುಡುಗಿ ಒಂದೊಂದನ್ನೂ ಕೇಳಿಸಿಕೊಂಡು ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಳು. ಒಂದರಲ್ಲಿ “ನೋಡಿ ಬೇಜಾರಾಯ್ತು” ಎಂದಿತ್ತು. ಇನ್ನೊಂದರಲ್ಲಿ “ಈ ರಾತ್ರಿ ಊಟ ಸೇರಲಿಲ್ಲ.” ಗೋಡೆಗೆ ಕೊಂಬು ಹಾಕಿಕೊಂಡವರ ಜೊತೆ ನಾನು ಒಂದೇ ಗೂಟಕ್ಕೆ ಕಟ್ಟಿದ ಮನುಷ್ಯ! ನನಗೆ ಈಗಲೂ ಬಂದೂಕು ಆಗದು. ಕೊಂದು ಕಾಯುವುದು ಎಂಬ ಮಾತು ಈಗಲೂ ಗಂಟಲಲ್ಲಿ ಇಳಿಯುವುದಿಲ್ಲ. ಅವರಿಗೂ ಇಳಿದಿರಲಿಲ್ಲ ಎಂಬುದು ಇಷ್ಟು ವರ್ಷ ಗೊತ್ತಿರಲಿಲ್ಲ.

“ಪೊಲೀಸ್ ಬಂದಿದ್ರಲ್ಲ ಆಂಟಿ, ಯಾರು ಕಂಪ್ಲೇಂಟ್ ಮಾಡಿದ್ದು ಅಂತ ಮಮ್ಮಿ ತುಂಬ ಕೇಳಿದ್ರು,” ಎಂದಳು ನಡುವೆ. “ಡ್ಯಾಡ್ ಸೆಡ್, ರಸ್ತೆ ಕೊನೆ ಮನೆಯ ಇಂಗ್ಲಿಷ್ ಅಜ್ಜಿ. ಶೀ ಮೂವ್ಡ್ ಅವೇ.”

ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ಯಾವ ಇಂಗ್ಲಿಷ್ ಅಜ್ಜಿಯೂ ಎಂದೂ ಇರಲಿಲ್ಲ. ಶನಿವಾರ ಹನ್ನೊಂದು ಗಂಟೆಯ ವಾಸನೆ ಬೇಲಿಗೆ ಹತ್ತಿದ ಮೂಗಿಗಲ್ಲದೆ ಇನ್ನಾರಿಗೆ ಬರುತ್ತದೆ ಎಂದು ಪೊಲೀಸರು ಆ ದೂರನ್ನು ಓದಿ ಹೇಳಿದ ದಿನವೇ ಅವರಿಗೆ ತಿಳಿದಿರಬೇಕು.

ಡಬ್ಬಿಯ ತಳದಲ್ಲಿ ಕೊನೆಯ ದವಡೆ ಇತ್ತು. ಸಣ್ಣದು. “ಹೆಣ್ಣು. ಎರಡು ವರ್ಷ. ಕಾಡಿನ ರಸ್ತೆ, ಸಂಜೆ. ಹೊಟ್ಟೆಯಲ್ಲಿ ತೊಗಟೆ ಬಿಟ್ಟು ಏನೂ ಇಲ್ಲ. ಹೊಡೆದವರು:”

ನಾನು ನಿಲ್ಲಿಸಿದೆ.

“ಹೂ ಶಾಟ್ ಇಟ್?” ಎಂದಳು.

“ಬರದಿಲ್ಲವ್ವಾ. ಖಾಲಿ ಬಿಟ್ಟಾರ.”

“ಯಾಕೆ?”

ಅವಳಿಗೆ ಓದಲು ಬರುವುದಿಲ್ಲ. ಏನು ಹೇಳಿದರೂ ನಡೆಯುತ್ತಿತ್ತು. ಫ್ರಿಜ್ಜಿನ ಮೇಲಿನ ಪೆನ್ನು ತೊಗೊಂಡೆ. ಆ ಖಾಲಿ ಜಾಗದಲ್ಲಿ, ತರಗತಿಯಲ್ಲಿ ಬರೆಯುವ ಹಾಗೆ ದುಂಡಗೆ, ನನ್ನ ಹೆಸರು ಬರೆದು ಚೀಟಿಯನ್ನು ಅವಳ ಕಡೆ ತಿರುಗಿಸಿದೆ.

“ವಾಟ್ ಡಸ್ ಇಟ್ ಸೇ, ಆಂಟಿ?”

ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ನಿಧಾನವಾಗಿ, ಅವಳಿಗೆ ಓದಿ ಹೇಳಿದೆ.